ವಿದೇಶದಲ್ಲಿ ಸ್ವಯಂಸೇವೆಗೆ ಹೊರಟಿದ್ದೀರಾ? ಕಾರವಾರ, ಶಿರಸಿ ಕಡೆಯವರು ಪದೇ ಪದೇ ಕೇಳುವ ಪ್ರಶ್ನೆಗಳು

ಹೊರದೇಶಕ್ಕೆ ಹೋಗುವುದು ನಮ್ಮ ಉತ್ತರ ಕನ್ನಡ ಜಿಲ್ಲೆಗೆ ಹೊಸದೇನಲ್ಲ. ಭಟ್ಕಳ, ಹೊನ್ನಾವರದ ಎಷ್ಟೋ ಮನೆಗಳಲ್ಲಿ ಗಲ್ಫ್‌ನಲ್ಲಿ ಒಬ್ಬರಾದರೂ ಇರುತ್ತಾರೆ. ಆದರೆ ದುಡಿಯಲು ಹೋಗುವುದು ಬೇರೆ, ಮಲಾವಿ, ತಾಂಜಾನಿಯಾ, ಇಥಿಯೋಪಿಯಾ, ನೇಪಾಳದಂಥ ಕಡೆ ಒಂದೆರಡು ವರ್ಷ ಸ್ವಯಂಸೇವಕರಾಗಿ ಇದ್ದು ಬರುವುದು ಬೇರೆ. ನರ್ಸುಗಳು, ನಿವೃತ್ತ ಮೇಷ್ಟ್ರುಗಳು, ಕಾಲೇಜು ಮುಗಿಸಿದವರು, ಮುಖ್ಯವಾಗಿ ಅವರ ಅಪ್ಪ-ಅಮ್ಮ ಕೇಳುವ ಪ್ರಶ್ನೆಗಳು ಇಲ್ಲಿವೆ.

ನಾನು ಹೋದರೆ ಅಲ್ಲಿಯವರಿಗೆ ನಿಜವಾಗಿ ಉಪಯೋಗ ಆಗುತ್ತಾ?

ಮೊದಲು ಇದನ್ನೇ ಕೇಳಬೇಕು. ತುಂಬಾ ಜನ ಇದನ್ನು ಬಿಟ್ಟು ಉಳಿದದ್ದೆಲ್ಲ ಕೇಳುತ್ತಾರೆ.

ಒಂದು ಸಂಗತಿ ಊಹಿಸಿಕೊಳ್ಳಿ. ವಿದೇಶಿ ಹುಡುಗನೊಬ್ಬ ಕುಮಟಾ ತಾಲ್ಲೂಕಿನ ಹಳ್ಳಿಗೆ ಬಂದು, ಒಂದಕ್ಷರ ಕನ್ನಡ ಬಾರದೆ, ಎರಡು ವಾರ ಶಾಲೆಯ ಗೋಡೆಗೆ ಬಣ್ಣ ಬಳಿದ. ಊರಿನ ಪೇಂಟರ್‌ಗೆ ಆ ಕೆಲಸ ತಪ್ಪಿತು. ಅವನ ಊಟ, ಸ್ನಾನ, ಹೊಟ್ಟೆನೋವು ಎಲ್ಲ ಹೆಡ್‌ಮಾಸ್ತರ ತಲೆ ಮೇಲೆ. ಅವನು ಹೋದ ಮೇಲೆ ಊರಿನವರು ಏನು ಮಾತಾಡಿಕೊಂಡಾರು? ನೀವು ಮಾಡಲು ಹೊರಟ ಕೆಲಸವನ್ನು ಅಲ್ಲಿಯವರೇ ಮಾಡಬಲ್ಲರು ಅಂತಾದರೆ ಹೋಗಬೇಡಿ. ಆ ದುಡ್ಡನ್ನು ಕಳಿಸಿದರೆ ಸಾಕು.

ಹಾಗಾದರೆ ಯಾವುದು ಉಪಯೋಗ? ಅಲ್ಲಿಯ ನರ್ಸುಗಳಿಗೆ ತರಬೇತಿ ಕೊಡುವುದು, ಲ್ಯಾಬ್ ವ್ಯವಸ್ಥೆ ಮಾಡುವುದು, ಸೋಲಾರ್ ಪಂಪು ರಿಪೇರಿ ಕಲಿಸುವುದು, ಲೆಕ್ಕಪತ್ರ ಇಡುವುದು ಹೇಗೆಂದು ತೋರಿಸುವುದು. ನಮ್ಮ ಕಡೆಯವರು ತಮ್ಮದೊಂದು ಅನುಭವವನ್ನು ಲೆಕ್ಕಕ್ಕೇ ಹಿಡಿಯುವುದಿಲ್ಲ, ಅದು ಸಹಕಾರ ಸಂಘ. ಶಿರಸಿ, ಸಿದ್ದಾಪುರ, ಯಲ್ಲಾಪುರದಲ್ಲಿ ಅಡಿಕೆ ಸೊಸೈಟಿಯ ಲೆಕ್ಕ, ತೂಕ, ಹರಾಜು, ಸಾಲ ವಸೂಲಿ ನೋಡಿಕೊಂಡವರಿಗೆ ಸಣ್ಣ ರೈತರ ಸಂಘ ಎಲ್ಲಿ ಮುರಿದು ಬೀಳುತ್ತದೆ ಎಂದು ಚೆನ್ನಾಗಿ ಗೊತ್ತು. ಕಾಫಿಯೋ ಶೇಂಗಾವೋ ಬೆಳೆಯುವ ಊರಿನಲ್ಲಿ ಆ ತಿಳಿವಳಿಕೆಗೆ ಬೆಲೆ ಇದೆ.

ಇನ್ನೊಂದು ಮಾತು. ಅಂಕೋಲಾದ ಹೊನ್ನಳ್ಳಿಯ ತುಳಸಿ ಗೌಡರು ಶಾಲೆಗೆ ಹೋದವರಲ್ಲ. ಅರಣ್ಯ ಇಲಾಖೆಯ ನರ್ಸರಿಯಲ್ಲಿ ದಶಕಗಳ ಕಾಲ ದುಡಿದರು. ಯಾವ ಮರದ ಬೀಜ ಯಾವಾಗ ಆರಿಸಬೇಕು ಎಂದು ಅವರಿಗೆ ಗೊತ್ತಿದ್ದಷ್ಟು ಪದವಿ ಪಡೆದ ಎಷ್ಟೋ ಜನರಿಗೆ ಗೊತ್ತಿರಲಿಲ್ಲ. ಪದ್ಮಶ್ರೀ ಬಂದ ಮೇಲೆ ದೇಶ ಅವರತ್ತ ತಿರುಗಿ ನೋಡಿತು. ನೀವು ಹೋಗುವ ಊರಿನಲ್ಲೂ ಅಂಥವರು ಇರುತ್ತಾರೆ. ಮೊದಲ ತಿಂಗಳ ಕೆಲಸ ಏನಾದರೂ ಇದ್ದರೆ ಅವರು ಯಾರು ಅಂತ ಪತ್ತೆ ಮಾಡುವುದು.

ಭಾರತದವರು ಯಾವ ಸಂಸ್ಥೆಗಳ ಮೂಲಕ ಹೋಗಬಹುದು?

ಅಮೆರಿಕದ ಪೀಸ್ ಕೋರ್ (1961) ಅಲ್ಲಿಯ ನಾಗರಿಕರಿಗೆ ಮಾತ್ರ. ಜಪಾನ್ 1965ರಲ್ಲಿ ಶುರು ಮಾಡಿದ ಸ್ವಯಂಸೇವಕ ಯೋಜನೆ ಜಪಾನಿನವರಿಗೆ ಮಾತ್ರ. ಅಂತರ್ಜಾಲದಲ್ಲಿ ಓದಲು ಸಿಗುವ ಅನುಭವಗಳಲ್ಲಿ ಬಹಳಷ್ಟು ಇವರವೇ. ಅದಕ್ಕೇ ಈ ಗೊಂದಲ.

ನಮಗೆ ತೆರೆದಿರುವ ದೊಡ್ಡ ಬಾಗಿಲು ವಿಶ್ವಸಂಸ್ಥೆಯ ಸ್ವಯಂಸೇವಕ ಯೋಜನೆ, ಅಂದರೆ ಯುಎನ್‌ವಿ. ಇದರ ಕೇಂದ್ರ ಕಚೇರಿ ಜರ್ಮನಿಯ ಬಾನ್‌ನಲ್ಲಿದೆ. ಅವರ ಜಾಲತಾಣದಲ್ಲಿ ಹೆಸರು, ಓದು, ಅನುಭವ ತುಂಬಿಟ್ಟರೆ ಖಾಲಿ ಇರುವ ಕೆಲಸಗಳಿಗೆ ಅರ್ಜಿ ಹಾಕಬಹುದು. ಇನ್ನೊಂದು ಡಾಕ್ಟರ್ಸ್ ವಿದೌಟ್ ಬಾರ್ಡರ್ಸ್. 1971ರಲ್ಲಿ ಫ್ರಾನ್ಸಿನಲ್ಲಿ ಹುಟ್ಟಿದ ಈ ಸಂಸ್ಥೆ ಭಾರತದಿಂದಲೂ ಜನರನ್ನು ತೆಗೆದುಕೊಳ್ಳುತ್ತದೆ. ಹೆಸರು ನೋಡಿ ವೈದ್ಯರಿಗೆ ಮಾತ್ರ ಅಂದುಕೊಳ್ಳಬೇಡಿ. ನೀರು, ವಿದ್ಯುತ್, ಗೋದಾಮು, ಲೆಕ್ಕ ನೋಡುವವರೂ ಅವರಿಗೆ ಬೇಕು. ಆದರೆ ಇಲ್ಲಿ ಕೆಲಸದ ಅನುಭವ ಇರಲೇಬೇಕು, ಮತ್ತು ಹೋಗುವ ಜಾಗ ಸುಲಭದ್ದಾಗಿರುವುದಿಲ್ಲ.

ನಿವೃತ್ತಿ ಆಗಿದೆ. ತಡವಾಯಿತಾ?

ಇಲ್ಲ. ಯುಎನ್‌ವಿಯಲ್ಲಿ 35 ದಾಟಿದ, ಜಾಸ್ತಿ ಅನುಭವ ಇರುವವರಿಗೆ ಬೇರೆಯೇ ವರ್ಗ ಇದೆ. ಬಿಪಿ, ಸಕ್ಕರೆ ಹತೋಟಿಯಲ್ಲಿದ್ದರೆ ವಯಸ್ಸು ಅಷ್ಟು ಅಡ್ಡಿಯಲ್ಲ. ಎಷ್ಟೋ ಸಮಾಜಗಳಲ್ಲಿ ಬಿಳಿ ಕೂದಲಿಗೆ ಮರ್ಯಾದೆ ಹೆಚ್ಚು ಸಿಗುತ್ತದೆ. ಇಪ್ಪತ್ತೆರಡರ ಹುಡುಗ ಹೇಳಿದರೆ ಕೇಳದವರು ನಿಮ್ಮ ಮಾತು ಕೇಳಬಹುದು.

ಸಂಬಳ ಕೊಡ್ತಾರಾ? ನಾವೇ ದುಡ್ಡು ಕಟ್ಟಬೇಕಾ?

ಯುಎನ್‌ವಿ ತಿಂಗಳಿಗೆ ಜೀವನಕ್ಕೆ ಬೇಕಾದಷ್ಟು ಭತ್ಯೆ ಕೊಡುತ್ತದೆ, ವಿಮೆ ಮಾಡಿಸುತ್ತದೆ. ಮನೆ ಕಟ್ಟುವಷ್ಟು ಉಳಿತಾಯ ಆಗುವುದಿಲ್ಲ. ಇಲ್ಲಿ ಸೊಸೈಟಿ ಸಾಲದ ಕಂತು ಇದ್ದರೆ ಅದಕ್ಕೆ ಬೇರೆ ದಾರಿ ಮಾಡಿಕೊಂಡೇ ಹೊರಡಿ.

ದುಡ್ಡು ಕೇಳುವವರಲ್ಲಿ ಎರಡು ಬಗೆ. ಮೊದಲನೆಯವರು ಕಂಪನಿಗಳು. ಎರಡು ವಾರ, ಒಂದು ತಿಂಗಳು ಅಂತ ಪ್ಯಾಕೇಜ್ ಮಾಡಿ ಮಾರುತ್ತಾರೆ. ಕಾನೂನಿನ ಪ್ರಕಾರ ತಪ್ಪಿಲ್ಲ, ಆದರೆ ಅದು ಪ್ರವಾಸ. ಅದರಲ್ಲೂ ‘ಅನಾಥಾಶ್ರಮದಲ್ಲಿ ಮಕ್ಕಳ ಜೊತೆ ಕಾಲ ಕಳೆಯಿರಿ’ ಅನ್ನುವವರಿಂದ ದೂರ ಇರಿ. ಕಾಂಬೋಡಿಯಾ, ನೇಪಾಳದಲ್ಲಿ ಇಂಥ ಆಶ್ರಮಗಳ ಬಹಳಷ್ಟು ಮಕ್ಕಳಿಗೆ ಅಪ್ಪನೋ ಅಮ್ಮನೋ ಬದುಕಿದ್ದಾರೆ ಎಂಬುದು ಬೆಳಕಿಗೆ ಬಂದಿದೆ. ವಿದೇಶಿಯರ ದುಡ್ಡು ಬರುತ್ತದೆ ಅಂತಲೇ ಮಕ್ಕಳನ್ನು ಮನೆಯಿಂದ ತಂದು ಇಟ್ಟುಕೊಳ್ಳುತ್ತಾರೆ. ನೀವು ಹೋಗದಿದ್ದರೆ ಆ ಮಕ್ಕಳಿಗೇ ಒಳ್ಳೆಯದು.

ಎರಡನೆಯವರು ಸೀದಾ ಮೋಸಗಾರರು. ವಾಟ್ಸಾಪ್‌ನಲ್ಲಿ ‘ಆಯ್ಕೆಯಾಗಿದ್ದೀರಿ, ವೀಸಾ ಶುಲ್ಕ ಕಳಿಸಿ’ ಅಂತ ಬರುತ್ತದೆ. ವಿಶ್ವಸಂಸ್ಥೆ ಅರ್ಜಿಗೆ, ಸಂದರ್ಶನಕ್ಕೆ ಒಂದು ರೂಪಾಯಿಯನ್ನೂ ಕೇಳುವುದಿಲ್ಲ. ಕಾಂಬೋಡಿಯಾ, ಮ್ಯಾನ್ಮಾರ್, ಲಾವೋಸ್‌ನಲ್ಲಿ ಕಂಪ್ಯೂಟರ್ ಕೆಲಸ ಅಂತ ಕರೆಸಿಕೊಂಡು ಪಾಸ್‌ಪೋರ್ಟ್ ಕಿತ್ತುಕೊಂಡು ಸೈಬರ್ ವಂಚನೆಗೆ ಹಚ್ಚಿದ ಪ್ರಕರಣಗಳಲ್ಲಿ ಭಾರತದವರೂ ಸಿಕ್ಕಿಬಿದ್ದಿದ್ದಾರೆ. ವಿದೇಶಾಂಗ ಸಚಿವಾಲಯ ಈ ಬಗ್ಗೆ ಎಚ್ಚರಿಕೆ ಕೊಟ್ಟಿದೆ. ಮಧ್ಯೆ ಏಜೆಂಟ್ ಇದ್ದರೆ ಅವರ ನೋಂದಣಿ ಆ ಸಚಿವಾಲಯದ ಇ-ಮೈಗ್ರೇಟ್ ಪೋರ್ಟಲ್‌ನಲ್ಲಿ ಇದೆಯಾ ನೋಡಿ.

ಕಾಗದಪತ್ರ ಏನೇನು ಬೇಕು? ಎಷ್ಟು ಮೊದಲೇ ಶುರು ಮಾಡಬೇಕು?

ಆರು ತಿಂಗಳು ಮೊದಲು ಅಂದರೆ ಜಾಸ್ತಿ ಆಗಲಿಲ್ಲ.

ನಮ್ಮ ಕಡೆ ದೊಡ್ಡ ತಲೆನೋವು ಹೆಸರಿನದು. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ‘ಎಸ್. ಜಿ. ಹೆಗಡೆ’, ಆಧಾರ್‌ನಲ್ಲಿ ಅಪ್ಪನ ಹೆಸರು ಸೇರಿಸಿ ಉದ್ದ, ಪದವಿ ಸರ್ಟಿಫಿಕೇಟಿನಲ್ಲಿ ಇನ್ನೊಂದು ಬಗೆ. ಪಾಸ್‌ಪೋರ್ಟಿಗೆ ಇನಿಷಿಯಲ್ ನಡೆಯುವುದಿಲ್ಲ, ಬಿಡಿಸಿ ಬರೆಯಬೇಕು. ಮೊದಲು ಎಲ್ಲ ಕಡೆ ಹೆಸರು ಒಂದೇ ಮಾಡಿಸಿ, ಆಮೇಲೆ ಹುಬ್ಬಳ್ಳಿಯ ಪಾಸ್‌ಪೋರ್ಟ್ ಸೇವಾ ಕೇಂದ್ರಕ್ಕೆ ಬಸ್ ಹತ್ತಿ. ಇಲ್ಲದಿದ್ದರೆ ಎರಡೆರಡು ಸಲ ಓಡಾಟ. ಪಾಸ್‌ಪೋರ್ಟ್ ಇದ್ದರೆ, ವಾಪಸ್ ಬರುವ ದಿನದ ಆಚೆಗೂ ಕನಿಷ್ಠ ಆರು ತಿಂಗಳ ಅವಧಿ ಉಳಿದಿರಬೇಕು. ಖಾಲಿ ಪುಟಗಳೂ ಬೇಕು.

ಪೊಲೀಸ್ ಕ್ಲಿಯರೆನ್ಸ್ ಸರ್ಟಿಫಿಕೇಟ್ ಬಹುತೇಕ ಎಲ್ಲರೂ ಕೇಳುತ್ತಾರೆ. ಅದಕ್ಕೂ ಪಾಸ್‌ಪೋರ್ಟ್ ಸೇವಾ ಮೂಲಕವೇ ಅರ್ಜಿ. ಓದಿನ ಸರ್ಟಿಫಿಕೇಟಿಗೆ ಮೊದಲು ರಾಜ್ಯ ಮಟ್ಟದ ದೃಢೀಕರಣ, ಆಮೇಲೆ ವಿದೇಶಾಂಗ ಸಚಿವಾಲಯದ ಅಪೋಸ್ಟಿಲ್ ಮುದ್ರೆ, ಅಂದರೆ ಹೇಗ್ ಒಪ್ಪಂದಕ್ಕೆ ಸೇರಿದ ದೇಶಗಳು ಒಪ್ಪುವ ದೃಢೀಕರಣ. ಆ ಒಪ್ಪಂದಕ್ಕೆ ಸೇರದ ದೇಶವಾದರೆ ಅಪೋಸ್ಟಿಲ್ ಬದಲು ಸಚಿವಾಲಯದ ಸಾಮಾನ್ಯ ದೃಢೀಕರಣ, ಜೊತೆಗೆ ಅದರ ರಾಯಭಾರ ಕಚೇರಿಯ ಮುದ್ರೆ ಬೇಕು. ನರ್ಸುಗಳು ಕರ್ನಾಟಕ ನರ್ಸಿಂಗ್ ಕೌನ್ಸಿಲ್ ನೋಂದಣಿ ಚಾಲ್ತಿಯಲ್ಲಿದೆಯಾ ನೋಡಿಕೊಳ್ಳಿ.

ಟೂರಿಸ್ಟ್ ವೀಸಾದಲ್ಲಿ ಹೋಗಿ ಕೆಲಸ ಮಾಡಿದರೆ ಯಾರಿಗೆ ಗೊತ್ತಾಗುತ್ತೆ?

ಗೊತ್ತಾಗುತ್ತೆ. ಸಂಬಳ ಇಲ್ಲದಿದ್ದರೂ ಅನೇಕ ದೇಶಗಳ ಕಾನೂನಿನಲ್ಲಿ ಅದು ಕೆಲಸವೇ. ದಂಡ, ಗಡಿಪಾರು ಆಗಬಹುದು. ಮುಂಡಗೋಡಿನ ಟಿಬೆಟನ್ ಕ್ಯಾಂಪಿನಲ್ಲಿ ಉಳಿಯಲು ಬರುವ ವಿದೇಶಿಯರಿಗೆ ನಮ್ಮ ಸರ್ಕಾರದ ಪ್ರತ್ಯೇಕ ಪರವಾನಗಿ ಬೇಕು, ಅಲ್ವಾ? ಅಲ್ಲಿಯೂ ಹಾಗೆಯೇ. ವೀಸಾ ವ್ಯವಸ್ಥೆ ಸಂಸ್ಥೆಯೇ ಮಾಡಬೇಕು. ‘ಸುಮ್ನೆ ಟೂರಿಸ್ಟ್ ಅಂತ ಬರೆಯಿರಿ’ ಅನ್ನುವ ಸಂಸ್ಥೆಯನ್ನು ನಂಬಬೇಡಿ. ನೇಪಾಳ, ಭೂತಾನಕ್ಕೆ ನಮಗೆ ವೀಸಾ ಬೇಡ, ಆದರೂ ಅಲ್ಲಿ ಉಳಿದು ಕೆಲಸ ಮಾಡುವ ನಿಯಮ ಏನೆಂದು ಬರಹದಲ್ಲಿ ಕೇಳಿ.

ಯಾವ ಲಸಿಕೆ ಹಾಕಿಸಬೇಕು?

ಟೈಫಾಯಿಡ್, ಹೆಪಟೈಟಿಸ್ ಎ ಮತ್ತು ಬಿ, ಧನುರ್ವಾಯು ಇವುಗಳ ಬಗ್ಗೆ ನಿಮ್ಮ ಡಾಕ್ಟರ್ ಹತ್ತಿರ ಮಾತಾಡಿ. ಆಸ್ಪತ್ರೆ ದೂರ ಇರುವ ಹಳ್ಳಿಯಾದರೆ ರೇಬಿಸ್ ಲಸಿಕೆಯನ್ನು ಮುಂಚೆಯೇ ಹಾಕಿಸಿಕೊಳ್ಳುವುದು ಒಳ್ಳೆಯದು.

ಹಳದಿ ಜ್ವರದ ಲಸಿಕೆ ಮಾತ್ರ ಬೇರೆಯೇ ಕಥೆ. ಕೀನ್ಯಾ, ಉಗಾಂಡಾ, ಇಥಿಯೋಪಿಯಾ ಸೇರಿ ಆಫ್ರಿಕಾದ, ದಕ್ಷಿಣ ಅಮೆರಿಕದ ಅನೇಕ ದೇಶಗಳಿಗೆ ಇದು ಬೇಕು. ಕೇಂದ್ರ ಸರ್ಕಾರ ಗುರುತಿಸಿದ ಕೆಲವೇ ಕೇಂದ್ರಗಳಲ್ಲಿ ಹಾಕುತ್ತಾರೆ, ಎಲ್ಲ ಆಸ್ಪತ್ರೆಯಲ್ಲೂ ಸಿಗುವುದಿಲ್ಲ. ಪಾಸ್‌ಪೋರ್ಟ್ ಬೇಕು, ಮೊದಲೇ ದಿನ ಗೊತ್ತು ಮಾಡಿಕೊಳ್ಳಬೇಕು. ಹಾಕಿಸಿದ ಹತ್ತು ದಿನದ ಮೇಲೆ ಸರ್ಟಿಫಿಕೇಟಿಗೆ ಬೆಲೆ. 2016ರಿಂದ ಅದು ಜೀವನಪೂರ್ತಿ ನಡೆಯುತ್ತದೆ. ಮೊಟ್ಟೆಯ ತೀವ್ರ ಅಲರ್ಜಿ ಇರುವವರು, 60 ದಾಟಿದವರು ಮೊದಲೇ ಹೇಳಬೇಕು.

ಆ ಸರ್ಟಿಫಿಕೇಟಿನ ಹಳದಿ ಪುಸ್ತಕವನ್ನು ಪಾಸ್‌ಪೋರ್ಟ್ ಜೊತೆಗೇ ಇಡಿ. ವಾಪಸ್ ಬರುವಾಗ ಅದಿಲ್ಲದಿದ್ದರೆ ಭಾರತದ ವಿಮಾನ ನಿಲ್ದಾಣದಲ್ಲೇ ನಿಮ್ಮನ್ನು ಆರು ದಿನದವರೆಗೆ ಪ್ರತ್ಯೇಕ ಇಡಬಹುದು. ನಮ್ಮಲ್ಲಿ ಈ ರೋಗ ಇಲ್ಲ, ಆದರೆ ಹರಡುವ ಸೊಳ್ಳೆ ಇದೆ. ಹಾಗಾಗಿ ಇಷ್ಟು ಬಿಗಿ.

ಮಲೇರಿಯಾ ನಮಗೇನು ಹೊಸದಾ?

ಈ ಧೈರ್ಯ ಬೇಡ. ಮಂಗಳೂರು ಕಡೆ ಹೆಚ್ಚಾಗಿ ಕಾಣುವುದು ವೈವಾಕ್ಸ್ ಎಂಬ ಬಗೆಯ ಮಲೇರಿಯಾ. ಆಫ್ರಿಕಾದಲ್ಲಿ ಹೆಚ್ಚು ಫಾಲ್ಸಿಪ್ಯಾರಮ್ ಎಂಬ ಬಗೆ. ಚಿಕಿತ್ಸೆ ಒಂದೆರಡು ದಿನ ತಡವಾದರೂ ಜೀವಕ್ಕೆ ಅಪಾಯ. ಅಲ್ಲಿ ದೊಡ್ಡವರು ಜ್ವರ ಬಂದರೂ ಎದ್ದು ಓಡಾಡುತ್ತಾರೆ, ಯಾಕೆಂದರೆ ಚಿಕ್ಕಂದಿನಿಂದ ಪದೇ ಪದೇ ಬಂದು ಮೈ ಸ್ವಲ್ಪ ಒಗ್ಗಿರುತ್ತದೆ. ನಿಮ್ಮ ಮೈ ಒಗ್ಗಿಲ್ಲ.

ತಡೆಯಲು ಮಾತ್ರೆ ಇದೆ. ಡಾಕ್ಸಿಸೈಕ್ಲಿನ್ ದಿನಾ ಒಂದು, ವಾಪಸ್ ಬಂದ ಮೇಲೂ ನಾಲ್ಕು ವಾರ. ಬಿಸಿಲಿಗೆ ಚರ್ಮ ಬೇಗ ಸುಡುತ್ತದೆ. ಮೆಫ್ಲೋಕ್ವಿನ್ ವಾರಕ್ಕೊಂದು. ಕೆಲವರಿಗೆ ಕೆಟ್ಟ ಕನಸು, ಮನಸ್ಸಿನ ತಳಮಳ ಆಗುತ್ತದೆ, ಆದ್ದರಿಂದ ಹೊರಡುವ ಕೆಲವು ವಾರ ಮೊದಲೇ ಶುರು ಮಾಡಿ ನೋಡಬೇಕು. ಯಾವುದು ಅಂತ ಡಾಕ್ಟರ್ ನಿರ್ಧರಿಸಲಿ. ಕ್ಲೋರೋಕ್ವಿನ್ ಆಫ್ರಿಕಾದ ಹೆಚ್ಚಿನ ಕಡೆ ಈಗ ನಾಟುವುದಿಲ್ಲ. ಮಾತ್ರೆ ತಿಂದರೂ ಸೊಳ್ಳೆಪರದೆ ಬಿಡಬಾರದು.

ನಾವು ಮೊಟ್ಟೆ ಕೂಡ ತಿನ್ನುವುದಿಲ್ಲ. ಹೊಟ್ಟೆಗೆ ಏನು ಗತಿ?

ಶಿರಸಿ, ಸಿದ್ದಾಪುರದಿಂದ ಜಾಸ್ತಿ ಬರುವ ಪ್ರಶ್ನೆ ಇದು. ಉಪವಾಸ ಬೀಳುವುದಿಲ್ಲ, ಧೈರ್ಯವಾಗಿರಿ.

ಇಥಿಯೋಪಿಯಾದ ಆರ್ಥಡಾಕ್ಸ್ ಕ್ರೈಸ್ತರು ಬುಧವಾರ, ಶುಕ್ರವಾರ ಮತ್ತು ವರ್ಷದ ಇನ್ನೂ ಎಷ್ಟೋ ದಿನ ವ್ರತ ಹಿಡಿಯುತ್ತಾರೆ. ಅಂದು ಮಾಂಸ, ಮೊಟ್ಟೆ, ಹಾಲು ಏನೂ ಇಲ್ಲ. ಹೋಟೆಲಿನಲ್ಲಿ ‘ತ್ಸೋಮ್’ ಊಟ ಕೇಳಿದರೆ ಇಂಜೆರಾ ಮೇಲೆ ಬೇಳೆ, ಕಡಲೆಹಿಟ್ಟಿನ ಶಿರೋ, ಸೊಪ್ಪು ಹಾಕಿ ಕೊಡುತ್ತಾರೆ. ಇಂಜೆರಾ ಹುಳಿ ಬರಿಸಿದ ಹಿಟ್ಟಿನದು, ದೋಸೆ ತಿಂದು ಬೆಳೆದವರಿಗೆ ಬೇಗ ಹಿಡಿಸುತ್ತದೆ. ತಾಂಜಾನಿಯಾದಲ್ಲಿ ಮೆಕ್ಕೆಜೋಳದ ಹಿಟ್ಟಿನ ಉಗಾಲಿ, ಅವರೆಯಂಥ ಕಾಳಿನ ಪಲ್ಯ, ಕರಾವಳಿಯಲ್ಲಿ ತೆಂಗಿನ ಹಾಲಿನ ಅನ್ನ, ಜೊತೆಗೆ ‘ಮ್ಚಿಚಾ’ ಸೊಪ್ಪು. ಅದು ನಮ್ಮ ಹರಿವೆಯೇ. ನೇಪಾಳದಲ್ಲಿ ಎರಡು ಹೊತ್ತೂ ದಾಲ್ ಭಾತ್.

ನಿಜವಾದ ಕಷ್ಟ ತರಕಾರಿಯದಲ್ಲ, ಅತಿಥಿ ಸತ್ಕಾರದ್ದು. ಬಡ ಮನೆಯವರು ನಿಮಗಾಗಿ ಇದ್ದೊಂದು ಕೋಳಿ ಕೊಯ್ದು ಬಡಿಸಿದ ಮೇಲೆ ‘ನಾನು ತಿನ್ನಲ್ಲ’ ಅಂದರೆ ಅವರಿಗೆ ಆಗುವ ಬೇಜಾರು ದೊಡ್ಡದು. ಹಾಗಾಗಿ ಕರೆ ಬಂದ ಕೂಡಲೇ ಹೇಳಿ. ‘ನಮ್ಮ ಮನೆತನದ ಪದ್ಧತಿ’ ಅಂದರೆ ಹೆಚ್ಚಿನವರು ಒಪ್ಪುತ್ತಾರೆ. ಆರೋಗ್ಯ, ಪರಿಸರ ಅಂತ ಭಾಷಣ ಶುರು ಮಾಡಿದರೆ ಕೆಟ್ಟಿತು. ಮತ್ತೆ, ಸೊಪ್ಪಿನ ಪಲ್ಯದಲ್ಲಿ ಒಣಮೀನಿನ ಚೂರು ಇರಬಹುದು. ಯಾರೂ ಅದನ್ನು ಮೀನು ಅಂತ ಲೆಕ್ಕಕ್ಕೆ ಹಿಡಿಯುವುದಿಲ್ಲ. ಕೇಳಿಕೊಳ್ಳಿ.

ಕಾರವಾರದವರಿಗೆ ಮೀನು ಸಿಗುತ್ತಾ?

ವಿಕ್ಟೋರಿಯಾ ಸರೋವರದ ದಂಡೆಯಲ್ಲಿ ‘ದಗಾ’, ಮಲಾವಿಯಲ್ಲಿ ‘ಉಸಿಪಾ’ ಅಂತ ಪುಟ್ಟ ಮೀನು ರಾಶಿ ರಾಶಿ ಒಣಗಿಸಿರುತ್ತಾರೆ. ವಾಸನೆಗೇ ಮನೆ ನೆನಪಾಗುತ್ತದೆ. ಬಂಗಡೆ ಮಾತ್ರ ಕೇಳಬೇಡಿ.

ಬ್ಯಾಗಿನಲ್ಲಿ ಏನು ಒಯ್ಯಬೇಕು, ಏನು ಬೇಡ?

ಮೊದಲು ಬೇಡದ್ದು. ದುಬೈ ಮೇಲೆ ಹೋಗುವ ವಿಮಾನವಾದರೆ ಗಸಗಸೆ ಖಂಡಿತ ಬೇಡ. ಅಲ್ಲಿ ಅದು ಮಾದಕ ವಸ್ತುವಿನ ಕೇಸು. ಅಮ್ಮ ಪಾಯಸಕ್ಕೆ ಅಂತ ಸೇರಿಸಿಟ್ಟಿದ್ದಾರಾ ನೋಡಿ. ಪ್ಲಾಸ್ಟಿಕ್ ಕೊಟ್ಟೆಗಳನ್ನು ರುವಾಂಡಾ 2008ರಲ್ಲಿ, ಕೀನ್ಯಾ 2017ರಲ್ಲಿ, ತಾಂಜಾನಿಯಾ 2019ರಲ್ಲಿ ನಿಷೇಧಿಸಿವೆ. ಕೀನ್ಯಾದಲ್ಲಿ ದಂಡ ಭಾರಿ. ನಮ್ಮವರು ಚಪ್ಪಲಿಯಿಂದ ಚಕ್ಕುಲಿಯವರೆಗೆ ಎಲ್ಲವನ್ನೂ ಕೊಟ್ಟೆಯಲ್ಲಿ ಸುತ್ತುವವರು. ಬಟ್ಟೆ ಚೀಲ, ಸ್ಟೀಲ್ ಡಬ್ಬಿ ಬಳಸಿ. ಮಿಡಿ ಉಪ್ಪಿನಕಾಯಿಗೆ ಬಿಗಿ ಮುಚ್ಚಳದ ಡಬ್ಬಿ, ಅದೂ ಕೈಚೀಲದಲ್ಲಲ್ಲ, ಲಗೇಜಿನಲ್ಲಿ.

ಬೇಕಾದ್ದು: ಒಳ್ಳೆಯ ಹೆಡ್‌ಟಾರ್ಚ್, ಪವರ್ ಬ್ಯಾಂಕ್ (ಇದು ಮಾತ್ರ ಕೈಚೀಲದಲ್ಲಿ), ದಿನಾ ತಿನ್ನುವ ಮಾತ್ರೆ ಚೀಟಿ ಸಮೇತ, ಓಆರ್‌ಎಸ್, ಎರಡು ಜೊತೆ ಕನ್ನಡಕ. ಹೆಂಗಸರಿಗೆ ಮುಟ್ಟಿನ ಕಪ್, ಯಾಕೆಂದರೆ ಹಳ್ಳಿಯಲ್ಲಿ ಪ್ಯಾಡ್ ಸಿಗುವ ಭರವಸೆ ಇಲ್ಲ. ಕೀನ್ಯಾ, ಉಗಾಂಡಾ, ಮಲಾವಿಯಲ್ಲಿ ಮೂರು ಚಪ್ಪಟೆ ಪಿನ್ನಿನ ಪ್ಲಗ್, ಅಡಾಪ್ಟರ್ ಬೇಕು. ಡಾಲರ್ ಒಯ್ದರೆ ಹೊಸ ನೋಟು ಒಯ್ಯಿರಿ. ಹಳೆಯ ವರ್ಷದ್ದು, ಹರಿದದ್ದು, ಪೆನ್ನಿನ ಗೀಟು ಬಿದ್ದದ್ದು ಆಫ್ರಿಕಾದ ಎಷ್ಟೋ ಕಡೆ ನಡೆಯುವುದಿಲ್ಲ. ನಮ್ಮ ಯುಪಿಐ ಎಲ್ಲ ಕಡೆ ಸಿಗುತ್ತದೆ ಅಂದುಕೊಳ್ಳಬೇಡಿ. ಆದರೆ ಮೊಬೈಲ್ ಹಣ ಅಲ್ಲಿಗೆ ಹೊಸದಲ್ಲ. ಕೀನ್ಯಾದಲ್ಲಿ ಎಂ-ಪೆಸಾ ಬಂದದ್ದು 2007ರಲ್ಲೇ, ನಮಗಿಂತ ಎಷ್ಟೋ ಮೊದಲು.

ಆಫ್ರಿಕಾ ಅಂದರೆ ಮನೆಯವರಿಗೆ ಭಯ. ಹೇಗೆ ಒಪ್ಪಿಸಲಿ?

ಆಫ್ರಿಕಾ ಒಂದು ಊರಲ್ಲ, 54 ದೇಶ. ನೀವು ಹೋಗುವ ದೇಶದ, ಜಿಲ್ಲೆಯ ಹೆಸರು ಹಿಡಿದು ಮಾತಾಡಿ, ನಕ್ಷೆ ತೋರಿಸಿ. ಅರ್ಧ ಭಯ ಅಲ್ಲಿಗೇ ಇಳಿಯುತ್ತದೆ.

ಉಳಿದರ್ಧದ ಬಗ್ಗೆ ಸ್ವಲ್ಪ ಕಟುವಾಗಿ ಹೇಳಬೇಕು. ಯಲ್ಲಾಪುರ, ಹಳಿಯಾಳ, ಅಂಕೋಲಾದ ಕಾಡಂಚಿನಲ್ಲಿ ಆಫ್ರಿಕಾ ಮೂಲದ ಸಿದ್ದಿಗಳು ತಲೆಮಾರುಗಳಿಂದ ಇದ್ದಾರೆ. ಕನ್ನಡ, ಕೊಂಕಣಿ ಆಡುತ್ತಾರೆ. ಆದರೂ ಬೆಂಗಳೂರಿನಲ್ಲಿ ಅವರ ಮಕ್ಕಳನ್ನು ‘ಯಾವ ದೇಶ?’ ಎಂದು ಕೇಳುತ್ತಾರೆ. ಮನೆಯವರ ಭಯದಲ್ಲಿ ಎಷ್ಟು ಪಾಲು ರೋಗ-ರುಜಿನದ್ದು, ಎಷ್ಟು ಪಾಲು ಮೈಬಣ್ಣದ್ದು? ಎರಡನೆಯದು ನಿಮ್ಮೊಳಗೂ ಇದ್ದರೆ ಅರ್ಜಿ ಹಾಕುವ ಮೊದಲೇ ಅದನ್ನು ನೋಡಿಕೊಳ್ಳಿ. ಅಲ್ಲಿ ಹೋದ ಮೇಲೆ ಮುಚ್ಚಿಡಲು ಆಗುವುದಿಲ್ಲ.

ಅಲ್ಲಿಯವರು ಭಾರತೀಯರನ್ನು ಹೇಗೆ ನೋಡ್ತಾರೆ?

ಪೂರ್ವ ಆಫ್ರಿಕಾದಲ್ಲಿ ‘ಮುಹಿಂದಿ’ ಅಂದರೆ ಅಂಗಡಿ ಮಾಲೀಕ ಎಂಬ ಭಾವನೆ ಹಳೆಯದು. 1896ರಲ್ಲಿ ಮೊಂಬಾಸಾದಿಂದ ರೈಲು ಹಾಕಲು ಬ್ರಿಟಿಷರು ನಮ್ಮ ಕೂಲಿಗಳನ್ನು ಒಯ್ದರು. ಅವರ ಜೊತೆಗೆ, ಹಿಂದೆ ಮುಂದೆ ಗುಜರಾತಿ, ಪಂಜಾಬಿ ವ್ಯಾಪಾರಿಗಳು ನೆಲೆಸಿದರು. 1972ರಲ್ಲಿ ಇದಿ ಅಮೀನ್ 90 ದಿನದ ಗಡುವು ಕೊಟ್ಟು ಉಗಾಂಡಾದಿಂದ ಏಷ್ಯನ್ನರನ್ನು ಹೊರಹಾಕಿದ. ಈ ಇತಿಹಾಸ ನಿಮ್ಮ ಬೆನ್ನಿಗೆ ಇರುತ್ತದೆ. ಸಂತೆಯಲ್ಲಿ ಬೆಲೆ ಜಾಸ್ತಿ ಹೇಳಬಹುದು, ‘ನಿನ್ನ ಅಂಗಡಿಯಲ್ಲಿ ಕೆಲಸ ಕೊಡು’ ಅನ್ನಬಹುದು. ಸಿಟ್ಟು ಮಾಡಬೇಡಿ. ಅವರ ಭಾಷೆಯಲ್ಲಿ ನಾಲ್ಕು ಮಾತು ಆಡಿದರೆ ಚಿತ್ರ ಬದಲಾಗುತ್ತದೆ. ತಾಂಜಾನಿಯಾದಲ್ಲಿ ಹಿರಿಯರಿಗೆ ‘ಶಿಕಮೂ’ ಅನ್ನಬೇಕು, ಅವರು ‘ಮರಹಬಾ’ ಅನ್ನುತ್ತಾರೆ. ಇದು ತಪ್ಪಿದರೆ ಕಾಲಿಗೆ ಬೀಳದ ಹೊಸ ಅಳಿಯನ ಹಾಗೆ, ಯಾರೂ ಬೈಯುವುದಿಲ್ಲ, ಎಲ್ಲರೂ ನೆನಪಿಟ್ಟುಕೊಳ್ಳುತ್ತಾರೆ.

ಗಡಿಯಾರದ ಬಗ್ಗೆಯೂ ಎಚ್ಚರ. ಸ್ವಾಹಿಲಿಯಲ್ಲಿ ಬೆಳಗಿನ ಏಳು ಗಂಟೆಗೆ ‘ಒಂದು ಗಂಟೆ’ ಅನ್ನುತ್ತಾರೆ, ಹೊತ್ತು ಹುಟ್ಟಿದಲ್ಲಿಂದ ಎಣಿಕೆ. ಇಥಿಯೋಪಿಯಾದಲ್ಲೂ ಹಾಗೆಯೇ, ಜೊತೆಗೆ ವರ್ಷಕ್ಕೆ 13 ತಿಂಗಳು, ಇಸವಿ ಏಳೆಂಟು ವರ್ಷ ಹಿಂದೆ. ಬಸ್ ಎಷ್ಟು ಗಂಟೆಗೆ ಅಂತ ಎರಡು ಸಲ ಕೇಳಿ.

ಮಗಳನ್ನು ಒಬ್ಬಳೇ ಕಳಿಸಬಹುದಾ?

ಕಳಿಸಬಹುದು. ಆದರೆ ಸಂಸ್ಥೆಗೆ ಪ್ರಶ್ನೆ ಕೇಳಿ ಕಳಿಸಿ. ಮನೆಗೆ ಒಳಗಿನಿಂದ ಗಟ್ಟಿ ಚಿಲಕ ಇದೆಯಾ? ನೀರು, ಶೌಚಾಲಯ ಅಂಗಳದೊಳಗೇ ಇದೆಯಾ? ಅಲ್ಲಿ ಹಿಂದೆ ಇದ್ದ ಹೆಣ್ಣುಮಗಳೊಬ್ಬಳ ಜೊತೆ ಫೋನಿನಲ್ಲಿ ಮಾತಾಡಿಸುತ್ತಾರಾ? ಈ ಕೊನೆಯದಕ್ಕೆ ಹಿಂದೆ ಮುಂದೆ ನೋಡಿದರೆ ಆ ಸಂಸ್ಥೆ ಬೇಡ. ನರ್ಸ್ ಆಗಿದ್ದರೆ ಸೂಜಿ ಚುಚ್ಚಿದಾಗ ಎಚ್‌ಐವಿ ತಡೆಯುವ ಔಷಧ ಅಲ್ಲೇ ಇದೆಯಾ ಕೇಳಿ, ಅದನ್ನು 72 ಗಂಟೆಯೊಳಗೆ ಶುರು ಮಾಡಬೇಕು. ಬಟ್ಟೆ ವಿಷಯದಲ್ಲಿ ಮಲಾವಿ, ತಾಂಜಾನಿಯಾದ ಹಳ್ಳಿಗಳು ನಮ್ಮ ಹಳ್ಳಿಗಳಷ್ಟೇ ಬಿಗಿ, ಮೊಣಕಾಲು ಮುಚ್ಚಿರಬೇಕು.

ಫೋಟೋ, ರೀಲ್ಸ್ ಹಾಕಬಹುದಾ?

ನಮ್ಮ ಹಾಲಕ್ಕಿ ಸಮುದಾಯದ ಅಜ್ಜಿಯರ ಕೊರಳ ಮಣಿಸರ ಕಂಡ ಕೂಡಲೇ ಹೊರಗಿನವರು ಕೇಳದೆ ಕ್ಯಾಮೆರಾ ಎತ್ತುವುದನ್ನು ನೋಡಿದ್ದೀರಲ್ಲ. ಹಾಗೆ ಮಾಡಬೇಡಿ. ಆಸ್ಪತ್ರೆಯಲ್ಲಿ, ಶಾಲೆಯಲ್ಲಿ ಮಕ್ಕಳ ಫೋಟೋ ತೆಗೆಯುವುದೇ ಬೇಡ. ಸೇತುವೆ, ವಿಮಾನ ನಿಲ್ದಾಣ, ಸೈನಿಕರ ಫೋಟೋ ತೆಗೆದರೆ ಕೆಲವು ದೇಶಗಳಲ್ಲಿ ಠಾಣೆಗೆ ಒಯ್ಯುತ್ತಾರೆ. ನೌಕಾನೆಲೆ ಪಕ್ಕದಲ್ಲೇ ಬೆಳೆದ ಕಾರವಾರದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಒಂಟಿತನ ಕಾಡುತ್ತಾ?

ಕಾಡುತ್ತೆ. ಮೊದಲ ವಾರಗಳ ಹುಮ್ಮಸ್ಸು ಇಳಿದ ಮೇಲೆ, ಕೆಲಸ ಮುಂದೆ ಹೋಗುತ್ತಿಲ್ಲ ಅನ್ನಿಸುವಾಗ ಜೋರಾಗುತ್ತದೆ. ಕರೆಂಟ್ ಇಲ್ಲ, ನೆಟ್‌ವರ್ಕ್ ಇಲ್ಲ ಅನ್ನುವುದು ಮಳೆಗಾಲದ ಘಟ್ಟ ಕಂಡವರಿಗೆ ಹೊಸದಲ್ಲ. ಸಿಗ್ನಲ್‌ಗಾಗಿ ಗುಡ್ಡ ಹತ್ತುವುದು ಗೊತ್ತಿರುತ್ತದೆ. ಹೊಸದು ಏನೆಂದರೆ ಹರಟೆ ಇಲ್ಲದ ಸಂಜೆ. ದಿನಾ ರಾತ್ರಿ ಮನೆಗೆ ವಿಡಿಯೋ ಕಾಲ್ ಮಾಡಿದರೆ ವಾಸಿಯಾಗುವುದಿಲ್ಲ, ಇನ್ನೂ ಜಾಸ್ತಿಯಾಗುತ್ತದೆ. ವಾರಕ್ಕೆ ಎರಡು ಸಲ ಸಾಕು. ಉಳಿದ ಸಂಜೆ ಪಕ್ಕದ ಮನೆಯ ಜಗಲಿಯಲ್ಲಿ ಕೂರಿ. ಭಾಷೆ ಬಾರದಿದ್ದರೂ ಅವರೆ ಸುಲಿಯಲು ಕೈ ಜೋಡಿಸಬಹುದು. ನಿದ್ದೆ, ಊಟ ಎರಡೂ ಬಿಟ್ಟುಹೋದರೆ ಸಂಸ್ಥೆಗೆ ಹೇಳಿ. ನಡುವೆ ವಾಪಸ್ ಬಂದರೆ ಅವಮಾನ ಏನಿಲ್ಲ.

ಎಲ್ಲಕ್ಕಿಂತ ದೊಡ್ಡ ಅಪಾಯ ಯಾವುದು?

ಹಾವಲ್ಲ, ಸಿಂಹವಲ್ಲ, ರಸ್ತೆ. ‘ಬೋಡಾ ಬೋಡಾ’ ಎಂಬ ಬಾಡಿಗೆ ಬೈಕಿನಲ್ಲಿ ಹೆಲ್ಮೆಟ್ ಇಲ್ಲದೆ ಕೂರಬೇಡಿ, ರಾತ್ರಿ ದೂರದ ಬಸ್ ಬೇಡ. ವಿಮೆಯಲ್ಲಿ, ಬೇರೆ ದೇಶದ ದೊಡ್ಡ ಆಸ್ಪತ್ರೆಗೆ ಸಾಗಿಸುವ ಖರ್ಚು ಸೇರಿದೆಯಾ ಓದಿ.

ನದಿ, ಹೊಳೆಯಲ್ಲಿ ಈಜಿ ಬೆಳೆದವರಿಗೆ ಇನ್ನೊಂದು ಮಾತು. ಮಲಾವಿ, ವಿಕ್ಟೋರಿಯಾ ಸರೋವರಗಳ ತಿಳಿನೀರು ನೋಡಿ ಹಾರಬೇಡಿ. ಸಿಹಿನೀರಿನ ಶಂಖದ ಹುಳುವಿನಿಂದ ಬರುವ ಬಿಲ್ಹಾರ್ಜಿಯಾ ಎಂಬ ಪರಾವಲಂಬಿ ಚರ್ಮದ ಮೂಲಕವೇ ಒಳಗೆ ಹೋಗುತ್ತದೆ. ಪ್ರಾಜಿಕ್ವಾಂಟೆಲ್ ಮಾತ್ರೆಗೆ ವಾಸಿಯಾಗುತ್ತದೆ, ಆದರೆ ಇದೆ ಅಂತ ಗೊತ್ತಾಗಬೇಕಲ್ಲ.

ವಾಪಸ್ ಬಂದ ಮೇಲೆ ಜ್ವರ ಬಂದರೆ?

ಮೊದಲ ಮಾತಿಗೇ ‘ನಾನು ಇಂಥ ದೇಶದಲ್ಲಿದ್ದೆ’ ಅಂತ ಡಾಕ್ಟರಿಗೆ ಹೇಳಿ. ಅವರು ಕೇಳುವವರೆಗೆ ಕಾಯಬೇಡಿ. ನಮ್ಮ ಕಡೆ ಜ್ವರ ಅಂದರೆ ಡೆಂಗಿ, ಇಲಿಜ್ವರ, ಸಿದ್ದಾಪುರದ ಕಡೆಯಾದರೆ ಮಂಗನ ಕಾಯಿಲೆ ಅಂತ ತಲೆ ಓಡುತ್ತದೆ. ಫಾಲ್ಸಿಪ್ಯಾರಮ್ ಸಾಮಾನ್ಯವಾಗಿ ಮೂರು ತಿಂಗಳೊಳಗೆ ಕಾಣಿಸಿಕೊಳ್ಳುತ್ತದೆ, ಬೇರೆ ಬಗೆಯ ಮಲೇರಿಯಾ ವರ್ಷ ಕಳೆದ ಮೇಲೂ ಬರಬಹುದು. ಅದೇ ದಿನ ರಕ್ತ ಪರೀಕ್ಷೆ ಮಾಡಿಸಿ. ಇಲ್ಲ ಅಂತ ಬಂದರೂ ಜ್ವರ ಬಿಡದಿದ್ದರೆ ಮರುದಿನ ಮತ್ತೆ ಮಾಡಿಸಿ.